ಓದಿ ಬಂದ ಮೇಲೆಯೇ ಅಚ್ಚು

ಗದಗ ಜಿಲ್ಲೆಯ ಪತ್ರಿಕಾ ಬರವಣಿಗೆಯ ಮಾತು ಬಂದಾಗಲೆಲ್ಲ ವರದಿಗಾರರ ಹೆಸರು ಮೊದಲು ಕೇಳಿಬರುತ್ತದೆ, ಅಂಕಣಕಾರರ ಹೆಸರು ಅದರ ಬೆನ್ನಿಗೇ ಬರುತ್ತದೆ. ಬರೆಯಬೇಕೆಂಬ ಆಸೆಯೊಂದನ್ನು ಬಿಟ್ಟು ಬೇರೇನನ್ನೂ ತಾರದೆ ಬಂದವರನ್ನು ಎದುರಿಗೆ ಕೂರಿಸಿಕೊಂಡು, ಅವರ ವಾಕ್ಯಗಳ ಕಾಲು ಸರಿಮಾಡಿ ನಡೆಸಿದವರ ಹೆಸರು ಮಾತ್ರ ಯಾರ ಬಾಯಿಗೂ ಸುಲಭಕ್ಕೆ ಬರುವುದಿಲ್ಲ. ಹಾಗೆ ಹೆಸರಾಗದೆ ಉಳಿದವರಲ್ಲಿ ಮುಖ್ಯರು ಶ್ರೀ ಸಮೀವುಲ್ಲಾ ಮರ್ದಾನಸಾಬ ನದಾಫ ಅವರು. ‘ನಾಡಹೊತ್ತು’ ದಿನಪತ್ರಿಕೆಯ ಭಾನುವಾರದ ‘ನೆರೆಹೊರೆ’ ಪುಟವನ್ನು ಎರಡು ದಶಕಕ್ಕೂ ಮಿಕ್ಕಿ ನಡೆಸಿ, ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿರುವ ಅವರ ಕೈಯಲ್ಲಿ ಪಳಗಿದವರು ಇಂದು ಲಕ್ಷ್ಮೇಶ್ವರದಲ್ಲಿದ್ದಾರೆ, ಶಿರಹಟ್ಟಿಯಲ್ಲಿದ್ದಾರೆ, ಮುಂಡರಗಿಯಲ್ಲಿದ್ದಾರೆ. ಅವರಲ್ಲಿ ಅನೇಕರು ತಾವು ಯಾರಿಂದ ಕಲಿತೆವೆಂಬುದನ್ನು ಹೇಳಲು ಮರೆತೂ ಇದ್ದಾರೆ.

ಅಭಿನಂದನ ಗ್ರಂಥವೆಂದರೆ ಹೊಗಳಿಕೆಗೆ ಹರಕೆ ಹೊತ್ತು ಕೂತ ಪುಸ್ತಕವೆಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ ನಿವೃತ್ತರಾದವರೆಲ್ಲ ಸಮಯಪಾಲಕರು, ಸಿಟ್ಟೇ ಬಾರದವರು, ಸಹನೆಯ ಮೂರ್ತಿಗಳು. ಸಮೀವುಲ್ಲಾ ಅವರನ್ನು ಆ ಸಾಲಿಗೆ ನಿಲ್ಲಿಸುವುದು ಸ್ವಲ್ಪ ಕಷ್ಟ. ಅವರಿಗೆ ಸಿಟ್ಟು ಬರುತ್ತಿತ್ತು, ಮೂಗಿನ ತುದಿಯಲ್ಲೇ ಇರುತ್ತಿತ್ತು. ಶನಿವಾರ ಪುಟ ಕಟ್ಟಲು ಕೂತರೆಂದರೆ ಮೊಬೈಲನ್ನು ಮೇಜಿನ ಖಾನೆಯಲ್ಲಿ ಹಾಕಿ ಮುಚ್ಚಿಬಿಡುತ್ತಿದ್ದರು. ಮಾಲೀಕರೇ ಕರೆ ಮಾಡಿದರೂ ಅದು ಒಳಗೇ ಗುಂಯ್‌ಗುಟ್ಟಿ ಸುಮ್ಮನಾಗಬೇಕಿತ್ತು.

ಖರೆ ಹೇಳಬೇಕೆಂದರೆ ಈ ಲೇಖನವನ್ನು ಬರೆಯಬೇಕಾದವಳು ವನಿತಾ. ಅಡರಕಟ್ಟಿಯ ಆ ಹುಡುಗಿ ನಮ್ಮ ಕಣ್ಣೆದುರಿಗೇ ಬೆಳೆದು ಉಪಸಂಪಾದಕಿಯಾದವಳು. ಅದೇ ಸಲಿಗೆಯಿಂದ ಇಲ್ಲಿ ಅವಳನ್ನು ಏಕವಚನದಲ್ಲಿ ಕರೆಯಲಾಗಿದೆ. ಬರುವ ತಿಂಗಳಿನಿಂದ ‘ನೆರೆಹೊರೆ’ ಪುಟ ಅವಳ ಕೈಗೆ ಬರಲಿದೆ. ಈ ಅಭಿನಂದನ ಗ್ರಂಥದ ಸಮಿತಿಯವರು ಕೇಳಿದಾಗ ‘ಬರೀತೇನ್ರಿ’ ಎಂದಳು, ಮತ್ತೆ ಕೇಳಿದಾಗ ‘ಬರಿಯಾಕತ್ತೇನ್ರಿ’ ಎಂದಳು, ಕೊನೆಗೆ ಒಂದು ಮಧ್ಯಾಹ್ನ ಖಾಲಿ ಕೈಯಲ್ಲಿ ಬಂದು ಕೂತಳು.

“ನನ್ನ ಕೈಲೆ ಆಗಂಗಿಲ್ರಿ. ಸರ್ ನನ್ನ ನಂಬ್ಯಾರೋ ಇಲ್ಲೋ ಅನ್ನೋದ ನನಗ ಇನ್ನೂ ಗೊತ್ತಿಲ್ಲ. ನಾ ಅವರ ಬಗ್ಗೆ ಏನಂತ ಬರೀಲಿ?”

ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವಳ ಬಾಯಲ್ಲಿ ಈ ಮಾತು ಕೇಳಿ ನಮಗೆ ಅಚ್ಚರಿಯಾಯಿತು. ಆಗ ಅವಳು ಬಿಡಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ, ಅವಳ ಒಪ್ಪಿಗೆಯಿಂದ.

ಅದಕ್ಕೆ ಮುಂಚೆ ಸಮೀವುಲ್ಲಾ ಅವರ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳುವುದು ಉಚಿತ. ಅವರು ಹುಟ್ಟಿದ್ದು ಗದಗ ತಾಲೂಕಿನ ಹರ್ತಿಯಲ್ಲಿ. ತಂದೆ ಮರ್ದಾನಸಾಬರು ಹತ್ತಿ ಹಿಂಜಿ ಗಾದಿ ತುಂಬುವವರು; ತಾಯಿ ದಿಲಶಾದಬಿಯವರಿಗೆ ಓದು ಬರುತ್ತಿರಲಿಲ್ಲ. ಕಾಲೇಜಿನಲ್ಲಿದ್ದಾಗ ಸಮೀವುಲ್ಲಾ ತಂದೆಯ ಕೆಲಸದ ಕುರಿತು ಒಂದು ಲೇಖನ ಬರೆದರು. ಅದು ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಹಿಗ್ಗಿನಿಂದ ಊರಿಗೆ ಬಂದು ತಾಯಿಯನ್ನು ಕೂರಿಸಿ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ಆ ತಾಯಿ ಎಲ್ಲವನ್ನೂ ಗಮನವಿಟ್ಟು ಕೇಳಿ, “ಪಾಪ, ಯಾರಪ ಈ ಮನಶ್ಯಾ? ಯಾವೂರಾಂವ?” ಎಂದು ಕೇಳಿದರು. ಲೇಖನದಲ್ಲಿದ್ದದ್ದು ಅವರ ಗಂಡ. ‘ಶ್ರಮದ ಮೂಕ ಸಾಧಕ’, ‘ಬದುಕಿನ ಹತ್ತಿಯನ್ನು ಹಿಂಜುತ್ತ ಸಾಗಿದ ಜೀವ’ ಎಂಬ ಮಾತುಗಳ ಅಡಿಯಲ್ಲಿ ಮರ್ದಾನಸಾಬರು ಎಲ್ಲಿ ಹೋದರೋ, ಹೆಂಡತಿಗೇ ಗುರುತು ಸಿಗಲಿಲ್ಲ. ಇದನ್ನು ಸಮೀವುಲ್ಲಾ ನಗುತ್ತಲೇ ಹೇಳುತ್ತಿದ್ದರು, ಆದರೆ ಪ್ರತಿ ಹೊಸಬರಿಗೂ ಹೇಳುತ್ತಿದ್ದರು.

ಬೆಟಗೇರಿಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವರಾಗಿ ಅವರ ವೃತ್ತಿ ಆರಂಭವಾಯಿತು. ಮುಂದೆ ‘ನಾಡಹೊತ್ತು’ ಸೇರಿ ಶಿರಹಟ್ಟಿಯಲ್ಲಿ, ಆಮೇಲೆ ಮುಂಡರಗಿಯಲ್ಲಿ ತಾಲೂಕು ವರದಿಗಾರರಾದರು. ಮುಂಡರಗಿಯಲ್ಲಿ ಬಸ್ ಕಂಡಕ್ಟರೊಬ್ಬರಿಗೆ ಲೇಖನ ಬರೆಯುವ ಹಂಬಲವಿತ್ತು. ಕೂತು ಕಲಿಯಲು ಬಿಡುವಿರಲಿಲ್ಲ. ಸಮೀವುಲ್ಲಾ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವರಿಗಾಗಿ ಕಾಯುತ್ತಿದ್ದರು. ಬಸ್ಸು ಬಂದು ನಿಂತು ಮತ್ತೆ ಹೊರಡುವುದರೊಳಗೆ ಎಷ್ಟು ತಿದ್ದಲಾದೀತೋ ಅಷ್ಟು ತಿದ್ದುವುದು, ಸೀಟಿ ಊದುವ ಹೊತ್ತಾದರೆ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಮುಂದಿನ ಟ್ರಿಪ್ಪಿಗೆ ಉಳಿದರ್ಧ ಹಿಡಿಯುವುದು. ಆ ಕಂಡಕ್ಟರರ ಬರಹಗಳಲ್ಲಿ ಉದ್ದನೆಯ ವಾಕ್ಯ ಇಂದಿಗೂ ಸಿಗುವುದಿಲ್ಲ.

ಭಾನುವಾರದ ಪುಟ ಅವರ ಕೈಗೆ ಬಂದ ಮೇಲೆ ಅವರು ಒಂದು ಕಟ್ಟಳೆ ತಂದರು. ಯಾರ ಬಗ್ಗೆ ಲೇಖನ ಬರೆದಿರೋ ಅವರ ಮನೆಗೆ ಹೋಗಿ, ಮನೆಮಂದಿಯ ಮುಂದೆ, ಬರೆದದ್ದನ್ನು ಗಟ್ಟಿಯಾಗಿ ಪೂರ್ತಿ ಓದಿ ಬರಬೇಕು. ಓದಿ ಬಂದ ಮೇಲೆಯೇ ಅಚ್ಚು. ಏನನ್ನಾದರೂ ಬಿಟ್ಟು ಓದಿದರೆಂದು ಗೊತ್ತಾದರೆ ಲೇಖನ ಅಚ್ಚಾದೀತು, ಬರೆದವರ ಹೆಸರು ಅಚ್ಚಾಗದು. ಈ ಕಟ್ಟಳೆಗೆ ಹೆದರಿ ದೊಡ್ಡ ದೊಡ್ಡ ಪದವೀಧರರು ನಮ್ಮ ಪುಟದ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಒಬ್ಬ ವೈದ್ಯರು, ರೋಗಿಯ ಮನೆಗೆ ಹೋಗಿ ಲೇಖನ ಓದುವುದಕ್ಕಿಂತ ಅವನಿಗೆ ಇನ್ನೊಂದು ಸಲ ಆಪರೇಷನ್ ಮಾಡುವುದೇ ಸುಲಭ ಎಂದು ಹೇಳಿ ಹೋದರಂತೆ. ಸಮೀವುಲ್ಲಾ ಸಡಿಲಿಸಲಿಲ್ಲ.

ವನಿತಾ ಅವರ ಬಳಿ ಬಂದದ್ದು ಬಿ.ಎ. ಮುಗಿಸಿ ಲಕ್ಷ್ಮೇಶ್ವರದ ಝೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಿಂಗ್ ಮಾಡಿಕೊಂಡಿದ್ದ ದಿನಗಳಲ್ಲಿ. ಊರವರ ಅರ್ಜಿ, ಬಾಂಡು, ಮದುವೆಯ ಕರೆಯೋಲೆಗಳನ್ನು ಬೆರಳಚ್ಚು ಮಾಡುತ್ತ ಮಾಡುತ್ತ ತನ್ನದೂ ಏನಾದರೂ ಅಚ್ಚಾಗಬೇಕೆಂಬ ಆಸೆ ಅವಳಲ್ಲಿ ಬೆಳೆದಿತ್ತು. ‘ಇಂದಿನ ಸಮಾಜದಲ್ಲಿ ಮಹಿಳೆಯ ಸ್ಥಾನಮಾನ’ ಎಂಬ ಲೇಖನ ಕಳಿಸಿದಳು. ‘ಇದರಲ್ಲಿ ಯಾರೂ ಇಲ್ಲ’ ಎಂದು ಪೆನ್ಸಿಲ್‌ನಲ್ಲಿ ಬರೆದು ಅದು ವಾಪಸು ಬಂತು. ‘ಗ್ರಾಮೀಣ ಬದುಕಿನ ಸವಾಲುಗಳು’ ಕಳಿಸಿದಳು. ‘ಊರು ಬಂತು, ಮಂದಿ ಬರಲಿಲ್ಲ’ ಎಂದು ಅದೂ ಬಂತು. ಮೂರನೆಯದನ್ನು ಕಳಿಸುವ ಧೈರ್ಯ ಸಾಲದೆ ಅವಳೇ ಗದಗಿಗೆ ಹೋದಳು. ಕಚೇರಿಯ ಮೆಟ್ಟಿಲ ಬಳಿ ನಿಂತು, ಒಳಗೆ ಹೋಗಲೋ ತಿರುಗಿ ಬಸ್ ಹಿಡಿಯಲೋ ಎಂದು ಬಹಳ ಹೊತ್ತು ಒದ್ದಾಡಿದಳಂತೆ.

ಸಮೀವುಲ್ಲಾ ಅವಳನ್ನು ಕೂರಿಸಿ ಚಹಾ ತರಿಸಿದರು. “ನಿಮ್ಮ ಕಡೆ ಹಿಟ್ಟು ಎಲ್ಲಿ ಬೀಸಸ್ತೀರಿ?” ಎಂದು ಕೇಳಿದರು.

“ಶಿಗ್ಲಿಗೆ ನಮ್ಮ ದೊಡ್ಡವ್ವನ ಮನಿಗೆ ಹೋದಾಗ ಅಲ್ಲೇ ಮೋತಿಬಿ ಅಂತ ಅದಾರ್ರಿ ಸರ್, ಅವರ ಗಿರಣ್ಯಾಗ ಬೀಸಸ್ತೇವ್ರಿ. ಹೆಣಮಗಳ ನಡಸತಾರ.”

“ಮತ್ತ ಮಹಿಳೆಯ ಸ್ಥಾನಮಾನ ಹುಡಕ್ಕೊಂತ ಎಲ್ಲೆಲ್ಲೋ ಹೋಗಿದ್ದೆಲ್ಲವಾ. ಆ ಗಿರಣಿ ಮುಂದ ಹೋಗಿ ಕುಂಡ್ರು. ಬರಿಯಾಕ ಗಡಿಬಿಡಿ ಮಾಡಬ್ಯಾಡ. ಮೊದ್ಲ ನೋಡು.”

ವನಿತಾ ಹೋದಳು, ನೋಡಿದಳು, ಬರೆದಳು. ಶಿಗ್ಲಿಯ ಆ ಹಿಟ್ಟಿನ ಗಿರಣಿ ಮನೆಗೆ ಅಂಟಿಕೊಂಡೇ ಇದೆ. ಮೋತಿಬಿಯ ಗಂಡ ಅಯ್ಯೂಬ ಅದನ್ನು ಹಾಕಿದವರು. ಒಂದು ದಿನ ಗಿರಣಿಯ ಚಕ್ರ ತಿರುಗಿಸುವ ಪಟ್ಟಾಕ್ಕೆ ಸಿಕ್ಕು ಅವರ ಬಲಗೈ ಹೋಯಿತು. ಅಂದಿನಿಂದ ಮೋತಿಬಿ ಗಿರಣಿ ನಡೆಸುತ್ತಿದ್ದಾರೆ. ಮಗಳು ಕೈನಾತ ಶಾಲೆಗೆ ಹೋಗುತ್ತಾಳೆ. ವನಿತಾ ಮಾತಾಡಿದ್ದೆಲ್ಲ ಮೋತಿಬಿಯೊಂದಿಗೆ, ಅದೂ ಗಿರಣಿಯ ಸದ್ದಿನ ನಡುವೆ ಕೂಗಿ ಕೂಗಿ. ಅಯ್ಯೂಬ ಅವಳಿಗೆ ಕುಡಿಯಲು ನೀರು ಕೊಟ್ಟಿದ್ದರು. ಅವರನ್ನು ಅವಳು ಏನನ್ನೂ ಕೇಳಿರಲಿಲ್ಲ.

ಬರೆದದ್ದನ್ನು ಸಮೀವುಲ್ಲಾ ನಾಲ್ಕಾರು ಸಲ ತಿರುಗಿಸಿ ಬರೆಸಿದರು. ‘ಅನನ್ಯ’, ‘ಅವಿರತ’, ‘ಅವಿಸ್ಮರಣೀಯ’ ಎಂಬ ಮಾತುಗಳ ಸುತ್ತ ಪೆನ್ಸಿಲಿನ ದುಂಡು ಬಿತ್ತು. ಮೊದಲ ಪ್ಯಾರಾವನ್ನು ಅಂಗೈಯಿಂದ ಮುಚ್ಚಿ, “ಇದು ನೀನು ಕೆಮ್ಮಿ ಗಂಟಲಾ ಸರಿ ಮಾಡ್ಕೊಂಡಿದ್ದು. ಮಾತು ಶುರು ಆಗಿದ್ದು ಇಲ್ಲಿಂದ” ಎಂದು ಎರಡನೆಯ ಪ್ಯಾರಾಕ್ಕೆ ಬೆರಳಿಟ್ಟರು. ಮೋತಿಬಿ ‘ದಿಟ್ಟೆ’ ಎಂದು ಬರೆದ ಕಡೆ, ದಿಟ್ಟತನದಿಂದ ಏನು ಮಾಡಿದರೆಂದು ಬರೆ, ದಿಟ್ಟೆ ಅನ್ನುವುದನ್ನು ಓದುವವರಿಗೆ ಬಿಡು ಎಂದರು. ಪ್ರತಿ ಸಲವೂ ವನಿತಾ ಅಂಜುತ್ತಲೇ ಹೋಗುತ್ತಿದ್ದಳು, ಬರುವಾಗ ಕಾಗದದ ತುಂಬ ಪೆನ್ಸಿಲು ಹೊತ್ತು ಬರುತ್ತಿದ್ದಳು. ಒಂದು ವಾಕ್ಯಕ್ಕೆ ಮಾತ್ರ ಎಂದೂ ಗೀಟು ಬೀಳಲಿಲ್ಲ: ‘ಪಟ್ಟಾಕ್ಕೆ ಸಿಕ್ಕು ಕೈ ಕಳೆದುಕೊಂಡ ಗಂಡ ಮನೆಯ ಮೂಲೆಯಲ್ಲಿ ನೆರಳಾಗಿ ಕೂತ ದಿನ, ಮೋತಿಬಿ ಎದ್ದು ಗಿರಣಿಯ ಗುಂಡಿ ಒತ್ತಿದಳು.’ ಅದನ್ನು ಬರೆದಾಗ ವನಿತಾಳಿಗೆ ಮೈ ಜುಮ್ಮೆಂದಿತ್ತು. ಸರ್ ಅದನ್ನು ಮುಟ್ಟದೆ ಬಿಟ್ಟಾಗ ತಾನೂ ಬರೆಯಬಲ್ಲೆ ಎಂಬ ಭರವಸೆ ಮೊದಲ ಸಲ ಬಂತು. ಇಡೀ ಲೇಖನದಲ್ಲಿ ಅವಳು ಪೂರ್ತಿ ತನ್ನದೆಂದುಕೊಂಡದ್ದು ಆ ಒಂದೇ ವಾಕ್ಯ.

“ಇನ್ನ ಓದಿ ಬಾ. ಈ ಭಾನುವಾರನ ಹಾಕೋಣು” ಎಂದರು ಸಮೀವುಲ್ಲಾ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಗಿರಣಿ ಬಂದ್ ಇರುತ್ತದೆ ಎಂದು ಮೋತಿಬಿಯೇ ಅಂದು ಬರಲು ಹೇಳಿದ್ದರು. ಹಾಸಿದ ಜಮಖಾನದ ಮೇಲೆ ವನಿತಾ ಕೂತಳು. ಮೋತಿಬಿ ಕೈಗಳ ಹಿಟ್ಟು ತೊಳೆದುಕೊಂಡು ಸೆರಗು ಸರಿಮಾಡಿಕೊಂಡು ಎದುರಿಗೆ ಕೂತರು. ಕೈನಾತ ತಾಯಿಯ ಬೆನ್ನಿಗೆ ಆತುಕೊಂಡಳು. ಅಯ್ಯೂಬ ನಮಾಜು ಮುಗಿಸಿ ಬಂದವರು ಬಿಳಿ ಟೊಪ್ಪಿಗೆಯಲ್ಲೇ ಬಾಗಿಲ ಹತ್ತಿರ ಕೂತರು. ಓದತೊಡಗಿದ ಮೇಲೆಯೇ ವನಿತಾಳಿಗೆ ತಾನು ಏನನ್ನು ಓದಲಿದ್ದೇನೆಂಬುದು ಹೊಳೆದದ್ದು. ಇನ್ನು ಎರಡು ಪ್ಯಾರಾ ಕಳೆದರೆ ಆ ವಾಕ್ಯ. ಒಂದು ಪ್ಯಾರಾ ಕಳೆದರೆ ಆ ವಾಕ್ಯ. ಮೋತಿಬಿ ನಗುತ್ತ ತಲೆಯಾಡಿಸುತ್ತಿದ್ದರು, ಅಯ್ಯೂಬ ನೆಲ ನೋಡುತ್ತ ಕೇಳುತ್ತಿದ್ದರು. ವನಿತಾ ಆ ಸಾಲಿಗೆ ಬಂದು ಓದು ನಿಲ್ಲಿಸಿದಳು. ಪಕ್ಕದಲ್ಲಿದ್ದ ಚೊಂಬೆತ್ತಿ ನೀರು ಕುಡಿದಳು. ಕೆಳಗಿಟ್ಟವಳು ಅದರ ಮುಂದಿನ ಸಾಲಿನಿಂದ ಓದಿದಳು.

ಮುಗಿದಾಗ ಮೋತಿಬಿ, “ಚಲೋ ಬರದಿ ನೋಡವಾ. ನಮ್ಮ ಗಿರಣಿ ಸಪ್ಪಳ ಸುದ್ದಾ ಹಾಕೀದಿ” ಎಂದರು. ಅಯ್ಯೂಬ, “ಆತು ಬಿಡ್ರಿ, ಚಲೋ ಆತು” ಎಂದು ಎದ್ದು ಹೋದರು.

ಲಕ್ಷ್ಮೇಶ್ವರದ ಬಸ್ ನಿಲ್ದಾಣದಿಂದ ವನಿತಾ ಕಚೇರಿಗೆ ಫೋನ್ ಮಾಡಿದಳು.

“ಓದಿದ್ಯಾ?”

“ಓದಿದೆ ಸರ್.”

“ಪೂರಾ?”

“ಪೂರಾ ಸರ್.”

ಅಷ್ಟೇ ಮಾತು. ಆ ವಾಕ್ಯವನ್ನು ತೆಗೆದುಬಿಡಿ ಎಂದು ಅಲ್ಲಿಯೇ ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಓದಲಿಲ್ಲವೆಂದು ಹೇಳಬೇಕಾಗುತ್ತದೆ, ಹೇಳಿದರೆ ಹೆಸರು ಹೋಗುತ್ತದೆ. ಮೇಲಾಗಿ ಆ ವಾಕ್ಯ ಚೆನ್ನಾಗಿಯೂ ಇತ್ತು. ಊರಿಗೆ ಹೋಗುವಷ್ಟರಲ್ಲಿ ಅವಳ ತಾಯಿ ಮಂಜವ್ವ, ಭಾನುವಾರ ಮಗಳ ಹೆಸರು ಪೇಪರಿನಲ್ಲಿ ಬರುತ್ತದೆಂದು ಅಡರಕಟ್ಟಿಯ ಅರ್ಧ ಊರಿಗೆ ಹೇಳಿ ಆಗಿತ್ತು.

ಮರುದಿನ ಶನಿವಾರ ಝೆರಾಕ್ಸ್ ಅಂಗಡಿಯಲ್ಲಿ ಒಬ್ಬರ ಆಧಾರ್ ಕಾರ್ಡನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡಳು. ಅಯ್ಯೂಬ ಪೇಪರು ಓದುವವರಲ್ಲ, ಅವರ ಕಣ್ಣಿಗೆ ಬೀಳಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುತ್ತಿರುವಾಗಲೇ ಅವಳಿಗೆ ಇನ್ನೊಂದು ಮಾತು ಹೊಳೆಯಿತು. ಆ ಮನೆಯಲ್ಲಿ ಪೇಪರು ಓದಿ ಹೇಳುವವಳು ಕೈನಾತ. ತಾನು ನುಂಗಿದ ವಾಕ್ಯವನ್ನು ನಾಳೆ ಬೆಳಿಗ್ಗೆ ಆ ಹುಡುಗಿ ತನ್ನ ಅಪ್ಪನ ಎದುರು ಕೂತು ಗಟ್ಟಿಯಾಗಿ ಓದುತ್ತಾಳೆ.

ಸಮೀವುಲ್ಲಾ ಅವರಿಗೆ ಫೋನ್ ಮಾಡಿದಳು. ಶನಿವಾರ, ಫೋನು ಖಾನೆಯೊಳಗೆ. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಅಂಗಡಿಯ ಮಾಲೀಕರಿಗೆ ಏನೋ ನೆಪ ಹೇಳಿ ಗದಗಿನ ಬಸ್ಸು ಹತ್ತಿದಳು. ಆ ಬಸ್ಸು ಶಿರಹಟ್ಟಿಯಲ್ಲಿ ನಿಂತಿತು, ನಿಂತೇ ನಿಂತಿತು. ಡ್ರೈವರ್ ಚಹಾಕ್ಕೆ ಇಳಿದರು, ಯಾರೋ ಕುರಿಮರಿ ಹತ್ತಿಸಲು ಬಂದರು, ಅದಕ್ಕೆ ಟಿಕೇಟು ಬೇಕೋ ಬೇಡವೋ ಎಂಬ ವಾದ ನಡೆಯಿತು. ವನಿತಾ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಪುಟ ಎಷ್ಟು ಹೊತ್ತಿಗೆ ಹೋಗುತ್ತದೆಂಬುದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಹೆಚ್ಚು ಹೆದರಿಸುತ್ತಿತ್ತು.

ಅವಳು ಕಚೇರಿ ಮುಟ್ಟಿದಾಗ ಪುಟ ಹೋಗಿತ್ತು. ಬೆಟಗೇರಿಯ ಪ್ರೆಸ್ಸಿನಲ್ಲಿ ಅಚ್ಚಿನ ಪ್ಲೇಟು ಆಗಿ, ಯಂತ್ರಕ್ಕೆ ಹಾಕಿ ಆಗುತ್ತ ಬಂದಿತ್ತು. ಸಮೀವುಲ್ಲಾ ಆಗಷ್ಟೇ ಖಾನೆಯಿಂದ ಫೋನು ತೆಗೆದು, ಇಷ್ಟು ಸಲ ಕರೆ ಮಾಡಿದವರು ಯಾರೆಂದು ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು. ಬಾಗಿಲಲ್ಲಿ ನಿಂತೇ ವನಿತಾ ಎಲ್ಲವನ್ನೂ ಹೇಳಿದಳು. ಹೇಳುವಾಗ ಅವರ ಮುಖ ನೋಡಲಿಲ್ಲ. ಪುಟ ಜೋಡಿಸುವ ಲೋಹಿತ ಕೀಲಿಮಣೆಯಿಂದ ಕೈ ತೆಗೆದ. ಈಗ ಬೈಗುಳ ಬೀಳುತ್ತದೆಂದು ಕಚೇರಿಯಲ್ಲಿದ್ದ ನಾವೆಲ್ಲ ಕಾದೆವು. ಸಮೀವುಲ್ಲಾ ಫೋನನ್ನು ಜೇಬಿಗೆ ಹಾಕಿಕೊಂಡರು.

“ಆ ವಾಕ್ಯಕ್ಕ ನಾನೂ ಮೋಸ ಹೋದೆ. ಚಂದ ಐತಿ ಅಂತ ಬಿಟ್ಟೆ. ಆ ಮನಶ್ಯಾನ್ನ ಕೇಳಿ ಬರದೀಯೇನು ಅಂತ ಕೇಳಬೇಕಾಗಿತ್ತು ನಿನ್ನ” ಎಂದರು. ಆಮೇಲೆ ಲೋಹಿತನ ಕಡೆ ತಿರುಗಿ, “ಪುಟ ತಗದ ಇಡು, ತಿದ್ದೋದೈತಿ. ಫೋನಿಗೆ ಕಾಯಿ” ಎಂದು, ವನಿತಾಳಿಗೆ “ನಡಿ” ಎಂದರು.

ಸ್ಕೂಟರಿನ ಹಿಂದೆ ಕೂತು ಬೆಟಗೇರಿಗೆ ಹೋದ ಆ ದಾರಿ ಅವಳಿಗೆ ನೆನಪೇ ಇಲ್ಲವಂತೆ. ಪ್ರೆಸ್ಸಿನಲ್ಲಿ ಯಂತ್ರ ನೋಡಿಕೊಳ್ಳುವ ಉಡಚಪ್ಪ ಕೈ ಒರೆಸಿಕೊಳ್ಳುತ್ತ ಎದುರು ಬಂದ.

“ಉಡಚಪ್ಪಾ, ಮಶೀನ ನಿಂದ್ರಸು.”

“ಸರ, ಮುಂಡರಗಿಗೆ ಪೇಪರ ಒಯ್ಯೋ ಗಾಡಿ ಬಂದು ನಿಂತೈತ್ರಿ. ತಡಾ ಆತು ಅಂದ್ರ ಮಾಲಕರು ನನ್ನ ಬಿಡಂಗಿಲ್ಲ.”

“ನನ್ನ ಹೆಸರು ಹೇಳು. ನಿಂದ್ರಸು.”

ವಾಕ್ಯವನ್ನು ತೆಗೆದುಹಾಕಿಸಿ ಬೇರೆ ಪ್ಲೇಟು ಮಾಡಿಸುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದು ವನಿತಾ ಅಂದುಕೊಂಡಿದ್ದಳು. ಸಮೀವುಲ್ಲಾ ತಮ್ಮ ಫೋನನ್ನು ಅವಳ ಕೈಗೆ ಕೊಟ್ಟರು. “ಓದು” ಎಂದರು.

“ಏನ್ರಿ ಸರ್?”

“ಬಿಟ್ಟದ್ದನ್ನ. ಆ ಮನಿಗೆ ಫೋನ್ ಹಚ್ಚು, ಅಯ್ಯೂಬಗ ಓದಿ ಹೇಳು. ಆಮ್ಯಾಲ ತಗಿಯೋದೋ ಬಿಡೋದೋ ನೋಡೋಣು.”

ಅವಳು ಬೇಡವೆಂದು ತಲೆಯಾಡಿಸಿದಳು. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ. ಇಷ್ಟು ಹೆದರಿದ ಮಗುವಿಗೆ ಹೀಗೆ ಮಾಡುವುದು ಕ್ರೌರ್ಯವೆಂದು ಅಲ್ಲಿದ್ದವರಿಗೆ ಅನಿಸಿತು. ಉಡಚಪ್ಪನಂತೂ ಹಾಗೆ ಬಾಯಿಬಿಟ್ಟು ಹೇಳಿಯೇಬಿಟ್ಟ. ಕೊನೆಗೆ ವನಿತಾ ನಂಬರು ಒತ್ತಿದಳು.

ಫೋನು ಎತ್ತಿದವಳು ಕೈನಾತ. ಹಿಂದೆ ಗಿರಣಿಯ ಸದ್ದು ಕೇಳುತ್ತಿತ್ತು. “ಅಪ್ಪಾಗ ಕೊಡ ತಂಗಿ” ಎಂದಳು ವನಿತಾ. ಅಯ್ಯೂಬ ಬಂದಾಗ, “ಚಾಚಾ, ನಿನ್ನೆ ಒಂದ ಸಾಲು ಓದಲಿಲ್ರಿ. ಅದನ್ನ ಓದತೇನ್ರಿ” ಎಂದಳು. ಓದಿದಳು. ‘ಮೂಲೆಯಲ್ಲಿ ನೆರಳಾಗಿ’ ಎನ್ನುವುದನ್ನೂ ಬಿಡದೆ ಓದಿ ಮುಗಿಸಿದಳು.

ಆ ಕಡೆ ಗಿರಣಿ ತಿರುಗುತ್ತಲೇ ಇತ್ತು. ಅದರ ನಡುವೆಯೇ ಅಯ್ಯೂಬ ಮಾತಾಡಿದರು.

“ನೀವು ತಡದು ನೀರು ಕುಡದ್ರಲ್ಲರಿ, ಏನೋ ಬಿಟ್ರು ಅಂತ ನನಗ ಆವಾಗ ಅನಸ್ತು.” ಮುಂದುವರಿದು, “ನಾ ಮೂಲ್ಯಾಗ ಕುಂಡ್ರಂಗಿಲ್ರಿ. ಬಾಗಲದಾಗ ಕುಂಡ್ರತೇನಿ. ಮೂಲ್ಯಾಗ ಕುಂತ್ರ ಬಂದವರ ಡಬ್ಬಿ ಯಾರ ಇಸಗೋಬೇಕು, ಪಾಳಿ ಯಾರ ಹಚ್ಚಬೇಕು? ಆಕಿ ಒಳಗ ಮಶೀನ ಬಿಟ್ಟು ಬರಾಕ ಆಗಂಗಿಲ್ಲ” ಎಂದರು.

ವನಿತಾ ಗಿರಣಿಯ ಮುಂದೆ ಕೂತು ನೋಡಿದ ದಿನಗಳಲ್ಲೆಲ್ಲ ಅವರು ಬಾಗಿಲಲ್ಲೇ ಇದ್ದರು. ಹೆಂಗಸರು ತಲೆಯ ಮೇಲಿನಿಂದ ಇಳಿಸಿದ ಡಬ್ಬಿಗಳನ್ನು ಎಡಗೈಯಿಂದ ಎಳೆದು ಸಾಲು ಹಚ್ಚುತ್ತಿದ್ದರು. ಅದನ್ನು ಕಂಡಿದ್ದಳು, ಆದರೆ ಮೋತಿಬಿಯನ್ನು ಎತ್ತರಕ್ಕೆ ಏರಿಸುವ ಉಮೇದಿನಲ್ಲಿ, ಕೈಯಿಲ್ಲದ ಗಂಡನೆಂದರೆ ಮೂಲೆ ಸೇರಿರಲೇಬೇಕೆಂದು ಬರೆದುಬಿಟ್ಟಿದ್ದಳು. “ತಪ್ಪಾತ್ರಿ ಚಾಚಾ” ಎಂದಳು. “ಇರ್ಲಿ ಬಿಡವಾ. ಕೇಳಿದೆಲ್ಲ ಈಗ” ಎಂದು ಅಯ್ಯೂಬ ಫೋನಿಟ್ಟರು. ಅಲ್ಲಿಯವರೆಗೆ ‘ರಿ’ ಹಚ್ಚಿ ಮಾತಾಡಿದವರು ಆಗ ಮನೆಮಗಳಿಗೆ ಅನ್ನುವಂತೆ ‘ಅವಾ’ ಎಂದಿದ್ದರು.

“ಈಗ ಹೇಳು, ಏನ ಬರೀಬೇಕು?” ಎಂದರು ಸಮೀವುಲ್ಲಾ. ಅವರು ಒಂದು ಶಬ್ದವನ್ನೂ ಎತ್ತಿಕೊಡಲಿಲ್ಲ. ವನಿತಾ ತಡವರಿಸುತ್ತ ಹೇಳಿದಳು: ‘ಮೋತಿಬಿ ಒಳಗೆ ಯಂತ್ರ ನೋಡಿಕೊಳ್ಳುತ್ತಾರೆ. ಅಯ್ಯೂಬ ಬಾಗಿಲಲ್ಲಿ ಕೂತು ಎಡಗೈಯಿಂದ ಡಬ್ಬಿ ಇಸಿದುಕೊಂಡು ಪಾಳಿ ಹಚ್ಚುತ್ತಾರೆ.’ ಅದನ್ನೇ ಲೋಹಿತನಿಗೆ ಫೋನಿನಲ್ಲಿ ಹೇಳಿ ತಿದ್ದಿಸಿದರು. ಇಡುವ ಮುಂಚೆ, “ಬರದವರ ಹೆಸರು ತಗಿ” ಎಂದೂ ಹೇಳಿದರು. ವನಿತಾಳ ಕಣ್ಣಲ್ಲಿ ನೀರು ಬಂತು. ಅದನ್ನು ಅವರು ನೋಡಿದರು, ನೋಡಿ ಮುಖ ತಿರುಗಿಸಿದರು. ಮುಂಡರಗಿಯ ಗಾಡಿ ಅಂದು ಬಹಳ ತಡವಾಗಿ ಹೋಯಿತು. ಸೋಮವಾರ ಸಮೀವುಲ್ಲಾ ಮಾಲೀಕರ ಕೋಣೆಯಿಂದ ಕೆಂಪಗಾಗಿ ಹೊರಬಂದರು. ಏನು ನಡೆಯಿತೆಂದು ಯಾರಿಗೂ ಹೇಳಲಿಲ್ಲ.

ಭಾನುವಾರ ಅಡರಕಟ್ಟಿಯಲ್ಲಿ ಮಂಜವ್ವ ಪುಟವನ್ನು ಹಿಂದೆ ಮುಂದೆ ಮಾಡಿ, ಅಕ್ಷರ ಬಲ್ಲ ನಾಲ್ವರ ಕೈಗೆ ಕೊಟ್ಟು ಮಗಳ ಹೆಸರು ಹುಡುಕಿಸಿದರು. ಸಿಗಲಿಲ್ಲ. “ನೀ ಬರದಿದ್ದಿ ಹೌದಲ್ಲ?” ಎಂದು ತಾಯಿಯೇ ಕೇಳಿದರು. ಪೇಪರನ್ನು ವನಿತಾಳೇ ಒಯ್ದು ಶಿಗ್ಲಿಗೆ ಮುಟ್ಟಿಸಬೇಕೆಂದು ಸಮೀವುಲ್ಲಾ ಹೇಳಿದ್ದರು. ಹೋಗಲು ಕಾಲು ಬರುತ್ತಿರಲಿಲ್ಲ, ಹೋಗದಿದ್ದರೆ ಅದು ಇನ್ನೊಂದು ಸುಳ್ಳಾದೀತು. ಗಿರಣಿಯ ಓಣಿಗೆ ಬಂದು, ಪಕ್ಕದ ಮನೆಯ ಕಟ್ಟೆಯ ಮರೆಗೆ ನಿಂತುಕೊಂಡಳು. ಅಲ್ಲಾಗಲೇ ಪೇಪರು ಬಂದಿತ್ತು. ಅಯ್ಯೂಬ ಬಾಗಿಲಲ್ಲಿ ಕೂತಿದ್ದರು, ಮಡಿಲಲ್ಲಿ ಪುಟ. ಹನಮಂತವ್ವ ಎಂಬ ಮುದುಕಿ ಜೋಳದ ಡಬ್ಬಿ ಇಳಿಸುತ್ತ, “ನಿಮ್ದು ಪೇಪರದಾಗ ಬಂದೈತಂತಲ್ಲೋ ಅಯ್ಯೂಬಾ. ಯಾರ ಬರದಾರ? ಹೆಸರ ಇಲ್ಲಂತ” ಎಂದಳು.

“ಹೆಸರ ಐತಿ ಬೇ ಯವ್ವಾ. ವನಿತಾ ಅಂತ, ಅಡರಕಟ್ಟಿ ಹುಡುಗಿ. ಒಂದ ಸಾಲೂ ಬಿಡದಂಗ ನಮಗ ಓದಿ ಹೇಳಿ ಆಮ್ಯಾಲ ಹಾಕ್ಯಾಳ” ಎಂದರು ಅಯ್ಯೂಬ, ಡಬ್ಬಿಯನ್ನು ಎಳೆದು ಪಾಳಿಗೆ ಹಚ್ಚುತ್ತ.

ವನಿತಾ ಮರೆಯಿಂದ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲಿನದು ಸಂಕ್ಷೇಪವಾಗಿ ಹೇಳುವಂಥದ್ದು. ಮುಂದಿನ ಲೇಖನ ಬರೆಯಲು ಅವಳಿಗೆ ತಿಂಗಳುಗಳೇ ಬೇಕಾದವು. ಅದಕ್ಕೆ ಹೆಸರು ಬಂತು, ಅದರ ಮುಂದಿನದಕ್ಕೂ ಬಂತು. ಪತ್ರಿಕೆಯಲ್ಲಿ ಹುದ್ದೆಯೊಂದು ಖಾಲಿಯಾದಾಗ ಸಮೀವುಲ್ಲಾ ಅವರೇ ಮಾಲೀಕರಿಗೆ ಹೇಳಿ ಅವಳನ್ನು ಕಚೇರಿಗೆ ತಂದರು. ವನಿತಾಳ ತಂದೆ ತೀರಿಕೊಂಡ ವರ್ಷ ಅವಳ ಪಾಲಿನ ಕರಡುಗಳನ್ನು ತಾವೇ ತಿದ್ದಿ, ಅವಳ ಮೇಜಿನ ಮೇಲೆ ಅವಳೇ ತಿದ್ದಿದಂತೆ ಇಟ್ಟು ಹೋಗುತ್ತಿದ್ದರು. ಇಷ್ಟೆಲ್ಲ ಆದರೂ ಆ ಶನಿವಾರದ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ, ಮರೆತೆನೆಂದಾಗಲಿ ಕ್ಷಮಿಸಿದೆನೆಂದಾಗಲಿ ಅನ್ನಲಿಲ್ಲ. ಯಾವ ಲೇಖನ ಕೊಟ್ಟಾಗಲೂ “ಪೂರಾ?” ಎಂದು ಕೇಳುತ್ತಿದ್ದರು. ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯೇ ಅದು. ವನಿತಾಳಿಗೆ ಮಾತ್ರ ಪ್ರತಿ ಸಲವೂ ತನ್ನ ಸುಳ್ಳು ನೆನಪಾಗಿ ಅಳುಕಾಗುತ್ತಿತ್ತು. ಈಗ ಪುಟವೇ ತನ್ನ ಕೈಗೆ ಬರುವ ಹೊತ್ತಿಗೆ ಆ ಅಳುಕು ಇಮ್ಮಡಿಸಿದೆ. ತನಗೇ ನಂಬಿಕೆ ಸಿಕ್ಕಿದೆಯೋ ಇಲ್ಲವೋ ತಿಳಿಯದವಳು ಹೊಸಬರನ್ನು ‘ಪೂರಾ?’ ಎಂದು ಹೇಗೆ ಕೇಳಲಿ ಎಂಬುದು ಅವಳ ಚಿಂತೆ.

ಸಮೀವುಲ್ಲಾ ಅವರ ಕಟ್ಟಳೆ ಅವರ ಕುರಿತ ಲೇಖನಕ್ಕೂ ಅನ್ವಯಿಸಬೇಕಷ್ಟೆ. ಆದ್ದರಿಂದ ಇದನ್ನು ಬೆಟಗೇರಿಯ ಅವರ ಮನೆಯಲ್ಲಿ, ಮನೆಮಂದಿಯ ಮುಂದೆ, ವನಿತಾಳನ್ನೂ ಕರೆದುಕೊಂಡು ಹೋಗಿ ಓದಲಾಯಿತು. ಹೊಗಳಿಕೆಯ ಎರಡು ಪ್ಯಾರಾಗಳನ್ನು ಅವರು ಅಲ್ಲಿಯೇ ತೆಗೆಸಿದರು. ಈ ಲೇಖನ ಇತರರ ಲೇಖನಗಳಿಗಿಂತ ಚಿಕ್ಕದಾಗಿದ್ದರೆ ಅದು ಅವರ ದೋಷ. ವನಿತಾಳ ಚಿಂತೆಯ ಮಾತನ್ನು ಓದುವಾಗ ಅವಳು ನೆಲ ನೋಡುತ್ತ ಕೂತಿದ್ದಳು. ಓದು ಮುಗಿದ ಮೇಲೆ ಸಮಿತಿಯವರು, ಸಂಪುಟದ ಕೊನೆಗೆ ಅವರದೇ ಬರಹವೊಂದನ್ನು ಅಚ್ಚು ಮಾಡಬೇಕೆಂದಿದ್ದೇವೆ, ಯಾವುದನ್ನು ಹಾಕೋಣ ಎಂದು ಕೇಳಿದರು. ಅವರು ಒಳಗೆ ಹೋಗಿ ಹಳೆಯ ಪುಟವೊಂದನ್ನು ತಂದುಕೊಟ್ಟರು. ಅದು ಶಿಗ್ಲಿಯ ಗಿರಣಿಯ ಲೇಖನ.

“ಇದು ನೀವು ಬರದದ್ದಲ್ಲಲ್ರಿ” ಎಂದರು ಸಮಿತಿಯವರು.

“ನನ್ನ ಪುಟದಾಗ ಬಂದದ್ದು ಹೌದಲ್ಲ. ಅಷ್ಟು ಸಾಕು. ಈ ಸಲ ಹೆಸರು ಹಾಕ್ರಿ. ಆಕಿ ಪೂರಾ ಓದ್ಯಾಳ. ಅವತ್ತ ಫೋನಿನಾಗ ಓದಿದ್ದು ಯಾರಿಗೂ ಓದಾಕ ಆಗಂಗಿಲ್ಲ, ನನ್ನ ಕೈಲೂ ಆಗತಿದ್ದಿಲ್ಲ.”

ವನಿತಾ ಎದ್ದು ಹಿತ್ತಲ ಕಡೆ ಹೋದಳು. ಅವಳ ಹಿಂದೆ ಯಾರೂ ಹೋಗಬಾರದೆಂದು ಸಮೀವುಲ್ಲಾ ಕೈ ಸನ್ನೆ ಮಾಡಿದರು.

ಶ್ರೀ ಸಮೀವುಲ್ಲಾ ನದಾಫ ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ಇನ್ನು ಮೇಲೆ ಶನಿವಾರವೂ ಅವರ ಫೋನು ಖಾನೆಯ ಹೊರಗಿರಲಿ. ಪೆನ್ಸಿಲು ಹಿಡಿದ ಕೈಗೆ ಹೊಸಬರ ಕಾಗದಗಳು ತಪ್ಪದೆ ಬರುತ್ತಿರಲಿ, ಸಿಟ್ಟೂ ಹೀಗೆಯೇ ಇರಲಿ ಎಂದು ಅವರ ಒಡನಾಡಿಗಳಾದ ನಾವೆಲ್ಲ ಮನಸಾರೆ ಹಾರೈಸುತ್ತೇವೆ. ಅವರ ಅಪೇಕ್ಷೆಯಂತೆ ಈ ಸಂಪುಟದ ಕೊನೆಯಲ್ಲಿ ಗಿರಣಿಯ ಲೇಖನವನ್ನು ಅಚ್ಚು ಮಾಡಲಾಗಿದೆ. ಬರೆದವರು: ವನಿತಾ, ಅಡರಕಟ್ಟಿ.